ಕೊಚ್ಚಿಯಲ್ಲಿ ಕೇಳಿದ ಪ್ರಶ್ನೆಗಳು

1498ರ ಮೇ 20ರಂದು ವಾಸ್ಕೋ ಡ ಗಾಮನ ಹಡಗುಗಳು ಕೋಯಿಕ್ಕೋಡಿನ ಹತ್ತಿರ ಲಂಗರು ಹಾಕಿದವು. ದಡದಲ್ಲಿ ಏನು ಕಾದಿದೆಯೋ ಗೊತ್ತಿರಲಿಲ್ಲ. ಇಂಥ ಹೊತ್ತಿಗೆಂದೇ ಹಡಗಿನಲ್ಲಿ ಶಿಕ್ಷೆಗೊಳಗಾದ ಕೈದಿಗಳನ್ನು ತಂದಿದ್ದರು. ಅವರಲ್ಲೊಬ್ಬನನ್ನು ಗಾಮ ಮೊದಲು ಕಳಿಸಿದ. ಊರಿನವರು ಅವನನ್ನು ಕರೆದುಕೊಂಡು ಹೋಗಿದ್ದು ಟ್ಯೂನಿಸ್ ಕಡೆಯ ಇಬ್ಬರು ಮುಸ್ಲಿಮರ ಮನೆಗೆ. ಅವರಿಗೆ ಜಿನೋವಾದವರ ಭಾಷೆಯೂ ಬರುತ್ತಿತ್ತು, ಕ್ಯಾಸ್ಟಿಲಿಯನ್ ಕೂಡ ಬರುತ್ತಿತ್ತು. ಕ್ಯಾಸ್ಟಿಲಿಯನ್ ಎಂದರೆ ಇವತ್ತು ನಾವು ಸ್ಪ್ಯಾನಿಷ್ ಎನ್ನುವ ಭಾಷೆಯೇ. ಬಂದವನನ್ನು ಕಂಡ ಕೂಡಲೇ ದೆವ್ವದ ಹೆಸರಿನಲ್ಲಿ ಒಂದು ಬೈಗುಳ ಬೈದು, ನಿನ್ನನ್ನು ಇಲ್ಲಿಗೆ ಕರೆತಂದವರು ಯಾರು ಎಂದು ಅವರು ಕೇಳಿದರು. ಇಷ್ಟು ದೂರ ಏನು ಹುಡುಕಿಕೊಂಡು ಬಂದಿರಿ ಎಂದು ಮತ್ತೆ ಕೇಳಿದರು. ಕ್ರೈಸ್ತರನ್ನು ಮತ್ತು ಸಾಂಬಾರ ಪದಾರ್ಥಗಳನ್ನು ಎಂದು ಅವನು ಹೇಳಿದ. ಆಮೇಲೆ ಅವನಿಗೆ ಗೋಧಿ ರೊಟ್ಟಿ, ಜೇನುತುಪ್ಪ ಕೊಟ್ಟು ಉಪಚರಿಸಿದರು.

ಹಡಗಿನಲ್ಲಿದ್ದ ಒಬ್ಬರು ಬರೆದಿಟ್ಟ ದಿನಚರಿಯಲ್ಲಿ ಇದೆಲ್ಲ ಇದೆ. ಅದು ಅಚ್ಚಾದದ್ದು 1838ರಲ್ಲಿ. ಇ.ಜಿ. ರೇವನ್‌ಸ್ಟೈನ್ ಅವರ ಇಂಗ್ಲಿಷ್ ಅನುವಾದ ಬಂದದ್ದು 1898ರಲ್ಲಿ. ಸಮುದ್ರ ಸುತ್ತಿ ಬಂದ ಯುರೋಪಿಗೆ ಮಲಬಾರಿನ ದಡದಲ್ಲಿ ಎದುರಾದ ಮೊದಲ ಮಾತು ಮಲಯಾಳಂ ಅಲ್ಲ, ಅರಬ್ಬಿಯೂ ಅಲ್ಲ, ಒಂದು ಸ್ಪ್ಯಾನಿಷ್ ಪ್ರಶ್ನೆ. ಯಾಕೆ ಬಂದೆ, ಎಲ್ಲಿಂದ ಬಂದೆ, ಏನು ಬೇಕು ಎಂದು ನಾವು ಹೊಸಬರನ್ನು ದಿನವೂ ಕೇಳುವಂಥದ್ದೇ ಪ್ರಶ್ನೆ.

ಈ ಕಥೆ ನನಗೆ ಮತ್ತೆ ನೆನಪಾದದ್ದು ಕೊಚ್ಚಿಯ ಹತ್ತಿರದ ಅಂಬಲಮುಗಳಿನಲ್ಲಿ, ತಂಗಿಯ ಮನೆಯ ಊಟದ ಮೇಜಿನ ಮುಂದೆ. ಅವಳ ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮುಂದಿನ ಓದಿಗೆ ಸ್ಪೇನಿಗೆ ಹೋಗಬೇಕೆಂದು ಮನಸ್ಸು ಮಾಡಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಇನ್‌ಸ್ಟಿಟ್ಯೂಟೊ ಸೆರ್ವಾಂಟೆಸ್‌ನವರ ಡೆಲೆ ಪರೀಕ್ಷೆಯ ಮೊದಲ ಹಂತ ಪಾಸಾಗಬೇಕು. ಗೆರೆ ಎಳೆದ ನೋಟ್‌ಬುಕ್ಕಿನ ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಇಂಗ್ಲಿಷ್. ಹೆಸರು, ಊರು, ವಯಸ್ಸು, ಗಂಟೆ, ಬೆಲೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಬಚ್ಚಲು ಎಲ್ಲಿದೆ, ಪುಟದ ತುಂಬ ಇಂಥ ಪ್ರಶ್ನೆಗಳೇ.

ಅಂಬಲಮುಗಳಿಗೆ ಹೋದವರಿಗೆ ಮೊದಲು ಕಾಣುವುದು ಕೊಚ್ಚಿ ರಿಫೈನರಿಯ ಚಿಮಣಿಗಳು. ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಪಾಲುದಾರಿಕೆಯಲ್ಲಿ 1963ರಲ್ಲಿ ಹುಟ್ಟಿದ ಕಂಪನಿ ಅದು. 1966ರಲ್ಲಿ ಕೆಲಸ ಶುರುವಾದಾಗ ವರ್ಷಕ್ಕೆ 25 ಲಕ್ಷ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯವಿತ್ತು. ಈಗ ಬಿಪಿಸಿಎಲ್ ಕೈಯಲ್ಲಿದ್ದು ಸಾಮರ್ಥ್ಯ 155 ಲಕ್ಷ ಟನ್ನಿಗೆ ಏರಿದೆ. ಪಕ್ಕದ ಅಂಬಲಮೇಡಿನಲ್ಲಿ ಫ್ಯಾಕ್ಟ್‌ನ ಗೊಬ್ಬರದ ಕಾರ್ಖಾನೆ. ರಾತ್ರಿ ಟೆರೇಸಿಗೆ ಹೋದರೆ ದೀಪಗಳ ಒಂದು ಊರೇ ಎದ್ದು ನಿಂತ ಹಾಗೆ ಕಾಣುತ್ತದೆ. ತಂಗಿಯ ಗಂಡ ಇಲ್ಲಿ ಗುತ್ತಿಗೆದಾರರ ಕಂಪನಿಯೊಂದರಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕುಂದಾಪುರ ಬಿಟ್ಟು ಬಂದು ಸಂಸಾರ ಇಲ್ಲೇ ಬೇರೂರಿದೆ, ಹುಡುಗಿ ಹುಟ್ಟಿ ಬೆಳೆದದ್ದೂ ಇಲ್ಲೇ.

ಕುಂದಾಪುರದ ಕಡೆಯವರೆಂದು ಗೊತ್ತಾದರೆ ಅಲ್ಲಿಯ ನೆರೆಹೊರೆಯವರು ಕೇಳುವುದು ಒಂದೇ: ಕೊಲ್ಲೂರು ನಿಮ್ಮ ಮನೆಯಿಂದ ಎಷ್ಟು ದೂರ? ಅಂಬಲಮುಗಳಿಗೆ ಹತ್ತಿರದಲ್ಲೇ ಚೊಟ್ಟಾನಿಕ್ಕರ ಭಗವತಿಯ ದೇವಸ್ಥಾನವಿದೆ. ಮುಂಜಾನೆ ಅಲ್ಲಿ ದೇವಿಗೆ ಸರಸ್ವತಿಯ ರೂಪದಲ್ಲಿ ಪೂಜೆ. ಕೊಲ್ಲೂರಿನ ಮೂಕಾಂಬಿಕೆಯೇ ಆ ಹೊತ್ತಿನಲ್ಲಿ ಇಲ್ಲಿರುತ್ತಾಳೆ ಎಂದು ಭಕ್ತರ ನಂಬಿಕೆ, ಅದಕ್ಕೆ ಶಂಕರಾಚಾರ್ಯರ ಕಥೆಯೂ ಉಂಟು. ಹಾಗಾಗಿ ಪಕ್ಕದ ಮನೆಯ ಅಮ್ಮ ನನ್ನ ಕೈ ಹಿಡಿದು ಕೇಳಿದ ಪ್ರಶ್ನೆಗೆ ಕಿಲೋಮೀಟರಿನ ಉತ್ತರ ಸಾಕಾಗಲಿಲ್ಲ. ಸೌಪರ್ಣಿಕೆಯಲ್ಲಿ ಈಗ ನೀರು ಎಷ್ಟಿದೆ, ಕೊಡಚಾದ್ರಿಗೆ ಜೀಪು ಹೋಗುತ್ತದೆಯೇ, ವಿದ್ಯಾರಂಭಕ್ಕೆ ಮಗುವನ್ನು ಕರೆದುಕೊಂಡು ಬಂದರೆ ಉಳಿಯಲು ಎಲ್ಲಿ ಒಳ್ಳೆಯದು, ಒಂದಾದ ಮೇಲೊಂದು ಕೇಳಿದರು. ಅವರದು ಮಲಯಾಳಂ, ನನ್ನದು ಕನ್ನಡ, ನಡುವೆ ಹುಡುಗಿ. ಅವಳು ಮಲಯಾಳಂ ಪ್ರಶ್ನೆಯನ್ನು ನನಗೆ ದಾಟಿಸುವಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಅವಳು ಅದನ್ನು ಪ್ರಶ್ನೆಯಾಗಿ ಹೇಳುತ್ತಿರಲಿಲ್ಲ. 'ಅವರಿಗೆ ನೀರಿನ ವಿಷಯ ಗೊತ್ತಾಗ್ಬೇಕಂತೆ, ದೊಡ್ಡಮ್ಮ' ಎನ್ನುತ್ತಿದ್ದಳು.

ಆಮೇಲೆ ಗಮನಿಸುತ್ತ ಹೋದೆ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ: ತಿಂಡಿ ತಿಂದೆಯಾ, ಬಟ್ಟೆ ಒಗೆಯಲು ಹಾಕಿದೆಯಾ, ಬಸ್ಸು ಸಿಕ್ಕಿತಾ, ಪರೀಕ್ಷೆ ಎಂತ ಆಯ್ತು. ಮಗಳು ಕನ್ನಡದಲ್ಲೇ ಉತ್ತರ ಕೊಡುತ್ತಾಳೆ, ಸ್ಪಷ್ಟವಾಗಿಯೇ ಕೊಡುತ್ತಾಳೆ. ಅವಳಿಗೆ ಏನಾದರೂ ಬೇಕಾದಾಗ, ಏನನ್ನಾದರೂ ತಿಳಿಯಬೇಕಾದಾಗ ಮಾತ್ರ ಬಾಯಿಗೆ ಬರುವುದು ಮಲಯಾಳಂ. ಕನ್ನಡ ಅವಳಿಗೆ ಉತ್ತರ ಹೇಳುವ ಭಾಷೆ, ಕೇಳುವ ಭಾಷೆಯಲ್ಲ. ಹೊರನಾಡಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಮಾತಾಡುವುದಿಲ್ಲ ಎಂದು ತಂದೆತಾಯಿ ಹೇಳುವುದನ್ನು ನಾನು ಮುಂಬಯಿಯಲ್ಲಿ ಕೇಳಿದ್ದೇನೆ, ಚೆನ್ನೈಯಲ್ಲಿ ಕೇಳಿದ್ದೇನೆ. ಅದರ ಸೂಕ್ಷ್ಮ ಇಲ್ಲಿದೆ ಎಂದು ನನಗೆ ಅನ್ನಿಸಿದ್ದು ಅಂಬಲಮುಗಳಿನಲ್ಲಿ. ಮಕ್ಕಳು ಪ್ರಶ್ನೆ ಕೇಳುವುದನ್ನು ಬಿಟ್ಟ ದಿನದಿಂದ ಭಾಷೆ ಮನೆಯಿಂದ ಹೊರಡುವ ತಯಾರಿ ನಡೆಸುತ್ತದೆ.

ಇದಕ್ಕೆ ಎದುರಾದ ಸಾಕ್ಷಿ ರಿಫೈನರಿ ಗೇಟಿನ ಕಡೆಗೆ ಹೋಗುವ ರಸ್ತೆಯ ಚಹದಂಗಡಿಯಲ್ಲೇ ಸಿಕ್ಕಿತು. ಅಲ್ಲಿ ಚಹ ಕೊಡುವ ಹುಡುಗ ಅಸ್ಸಾಮಿನವನು. 'ಚೇಚ್ಚೀ, ವಿತ್ತೌಟ್ ಆಣೋ?' ಎಂದು ನನ್ನನ್ನು ಕೇಳಿದ. ಸಕ್ಕರೆ ಇಲ್ಲದ ಚಹಕ್ಕೆ ಕೇರಳದಲ್ಲಿ ಬರೀ ವಿತ್ತೌಟ್ ಎಂದರೆ ಸಾಕು. 'ಕಳಿಕ್ಕಾನ್ ಎಂದಾ?' 'ಪೊರೋಟ್ಟ ವೇಣೋ?' 'ಪಾರ್ಸಲ್ ಆಣೋ?' ತಿನ್ನಲು ಏನು, ಪೊರೋಟ್ಟ ಬೇಕಾ, ಪಾರ್ಸಲ್ಲಾ. ಬಂದ ಪ್ರತಿ ಗಿರಾಕಿಗೂ ಅವನ ಪ್ರಶ್ನೆ ಸಿದ್ಧ, ಉಚ್ಚಾರದಲ್ಲಿ ಒಂದಿಷ್ಟೂ ಅಳುಕಿಲ್ಲ. ಅದೇ ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದ ಒಡಿಶಾದ ಇಬ್ಬರು ಕಟ್ಟಡ ಕೆಲಸಗಾರರು ಕೇರಳಕ್ಕೆ ಅವನಿಗಿಂತ ಮೊದಲೇ ಬಂದವರು. ಅವರಿಗೆ ಎಡು, ವೆಯ್ಕ್, ವಾ, ಪೋ ಎಂಬ ಮಾತುಗಳು ಗೊತ್ತು. ಎತ್ತು, ಇಡು, ಬಾ, ಹೋಗು. ಅವರಿಗೆ ಬೇಕಾದದ್ದನ್ನು ಅಸ್ಸಾಮಿನ ಹುಡುಗನೇ ಮಲಯಾಳದಲ್ಲಿ ಮಾಲೀಕನಿಗೆ ಹೇಳುತ್ತಾನೆ. ಇವನ ಕೆಲಸವೇ ಕೇಳುವುದು. ಅವರಿಗೆ ದಿನವಿಡೀ ಕಿವಿಗೆ ಬೀಳುವುದು ಆಜ್ಞೆ. ಬುದ್ಧಿಯ ವ್ಯತ್ಯಾಸ ಇದರಲ್ಲಿ ಏನೂ ಇಲ್ಲ, ಯಾರಿಗೆ ಬಾಯಿ ತೆರೆಯುವ ಅವಕಾಶ ಇದೆ ಎಂಬುದಷ್ಟೇ.

2013ರಲ್ಲಿ ತಿರುವನಂತಪುರದ ಗುಲಾಟಿ ಇನ್‌ಸ್ಟಿಟ್ಯೂಟ್ ನಡೆಸಿದ ಅಧ್ಯಯನ ಕೇರಳದಲ್ಲಿ ಸುಮಾರು 25 ಲಕ್ಷ ವಲಸೆ ಕಾರ್ಮಿಕರಿದ್ದಾರೆ ಎಂದು ಅಂದಾಜು ಮಾಡಿತು. ಅವರಿಗೆ ಮಲಯಾಳಂ ಕಲಿಸಲು ರಾಜ್ಯದ ಸಾಕ್ಷರತಾ ಮಿಷನ್ 2017ರಲ್ಲಿ ಇದೇ ಎರ್ನಾಕುಳಂ ಜಿಲ್ಲೆಯ ಪೆರುಂಬಾವೂರಿನಲ್ಲಿ 'ಚಂಗಾತಿ' ಎಂಬ ಯೋಜನೆ ಆರಂಭಿಸಿತು, ಅದರ ಪಠ್ಯಪುಸ್ತಕದ ಹೆಸರು 'ಹಮಾರಿ ಮಲಯಾಳಂ'. ಕೂಲಿಗೆ ಬಂದವನಿಗೆ ಅಕ್ಷರ ಕಲಿಸಲು ಹೊರಟ ಸರ್ಕಾರದ ಬಗ್ಗೆ ನನಗೆ ಗೌರವವಿದೆ. ನಮ್ಮ ಬೆಂಗಳೂರಿನ ಕಟ್ಟಡಗಳನ್ನು ಎಬ್ಬಿಸುತ್ತಿರುವವರಿಗೂ ಇಂಥದ್ದೊಂದು ಪುಸ್ತಕ ಕೈಗೆ ಸಿಗಬೇಕು. ಅದರ ಮೊದಲ ಪಾಠ 'ಕೂಲಿ ಎಷ್ಟು, ಯಾವಾಗ ಕೊಡ್ತೀರಿ' ಎಂದು ಕೇಳುವುದನ್ನು ಕಲಿಸಬೇಕು.

ಮತ್ತೆ ನೋಟ್‌ಬುಕ್ಕಿಗೆ ಬರುತ್ತೇನೆ. ಒಂದು ಸಂಜೆ ಮಳೆ ಹಿಡಿದು ಎಲ್ಲಿಗೂ ಹೋಗಲಾಗದೆ ನಾವಿಬ್ಬರೂ ಅದನ್ನು ಹಿಡಿದು ಕುಳಿತೆವು. ಅವಳು ಸ್ಪ್ಯಾನಿಷ್ ಓದುವುದು, ಪದ ಪದವಾಗಿ ಅರ್ಥ ಹೇಳುವುದು, ನಾನು ಅದನ್ನು ಕನ್ನಡಕ್ಕೆ ತರುವುದು. 'ತೆ ಗುಸ್ತಾ ಎಲ್ ಕಫೆ?' ಇಂಗ್ಲಿಷಿನ ಸಾಲಿನಲ್ಲಿ ನೀನು ಕರ್ತೃ, ಇಷ್ಟಪಡುವುದು ನಿನ್ನ ಕ್ರಿಯೆ. ಸ್ಪ್ಯಾನಿಷಿನಲ್ಲಿ ಹಾಗಲ್ಲ, ಕಾಫಿಯೇ ಕರ್ತೃ, ಅದು 'ನಿನಗೆ' ಹಿಡಿಸಬೇಕು. 'ನಿನಗೆ ಕಾಫಿ ಇಷ್ಟವಾ' ಎಂದು ನಾವು ಕೇಳುವುದೂ ಹಾಗೆಯೇ. ಈ ವಾಕ್ಯಕ್ಕೆ ಅವಳ ಪುಸ್ತಕದಲ್ಲಿ ಅರ್ಧ ಪುಟ ವಿವರಣೆ, ಬಾಣದ ಗುರುತು, ಕೆಂಪು ಗೆರೆ. ಕನ್ನಡದಲ್ಲಿ ಒಮ್ಮೆ ಹೇಳಿಕೊಂಡಿದ್ದರೆ ಅದು ಯಾವುದೂ ಬೇಕಿರಲಿಲ್ಲ. ವಯಸ್ಸು ಕೇಳುವಾಗಲೂ ಇಂಗ್ಲಿಷಿಗೆ 'ಎಷ್ಟು ಹಳಬ' ಎಂಬ ಲೆಕ್ಕ, ಸ್ಪ್ಯಾನಿಷಿಗೆ 'ನಿನ್ನಲ್ಲಿ ಎಷ್ಟು ವರ್ಷಗಳಿವೆ' ಎಂಬ ಲೆಕ್ಕ. 'ನಿನಗೆ ಎಷ್ಟು ವರ್ಷ' ಎನ್ನುವ ನಾವು ಇದರಲ್ಲೂ ಸ್ಪೇನಿನ ಕಡೆಗೇ ಹತ್ತಿರ.

ಇನ್ನೂ ದೊಡ್ಡ ವಿಷಯ ಮರ್ಯಾದೆಯದು. 'ದೋಂದೆ ವೀವೆಸ್?' ಎಂದರೆ 'ಎಲ್ಲಿರ್ತೀಯ?' 'ದೋಂದೆ ವೀವೆ ಉಸ್ತೆದ್?' ಎಂದರೆ 'ನೀವು ಎಲ್ಲಿರ್ತೀರಿ?' ಮೊದಲನೆಯದರಲ್ಲಿ ನೀನು ಎಂಬ ಪದವೇ ಇಲ್ಲ, ನಮ್ಮಲ್ಲಿ ಇದ್ದ ಹಾಗೆ ಕ್ರಿಯಾಪದದ ಬಾಲವೇ ಯಾರನ್ನು ಕೇಳುತ್ತಿದ್ದೇನೆ ಎಂದು ಹೇಳುತ್ತದೆ. ನೋಟ್‌ಬುಕ್ಕಿನ ಬಲಗಡೆ ಇವೆರಡಕ್ಕೂ ಒಂದೇ ಇಂಗ್ಲಿಷ್ ವಾಕ್ಯ ಬರೆದಿತ್ತು. ಇಂಗ್ಲಿಷನ್ನು ಸೇತುವೆ ಮಾಡಿಕೊಂಡು ಹೋದ ಹುಡುಗಿ ಸ್ಪೇನಿನಲ್ಲಿ ಮುದುಕಿಯೊಬ್ಬಳನ್ನು ಗೆಳತಿಯನ್ನು ಕೇಳಿದ ಹಾಗೆ ಕೇಳಿಬಿಡಬಹುದು. ಅಜ್ಜಿಗೆ ಒಂದು ತಮ್ಮನಿಗೆ ಒಂದು ಎಂಬ ಭೇದ ತನ್ನ ಮನೆಯ ಮಾತಿನಲ್ಲೇ ಇದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಇಲ್ಲಿ ಮಲಯಾಳಂ ಕೂಡ ಅವಳ ಕೈ ಹಿಡಿಯದು. ಅದರ ಕ್ರಿಯಾಪದಕ್ಕೆ ನಾನು, ನೀನು, ಅವನು ಎಂಬ ಪ್ರತ್ಯಯಗಳಿಲ್ಲ, ಮರ್ಯಾದೆ ತೋರಿಸಲು ಚೇಟ್ಟನ್, ಚೇಚ್ಚಿ, ಸಾರ್ ಎಂದು ಕರೆದು ಕೇಳುವುದೇ ಹೆಚ್ಚು. ಅವಳಿಗೆ ಗೊತ್ತಿರುವ ಭಾಷೆಗಳಲ್ಲಿ ಈ ಕೆಲಸಕ್ಕೆ ಸ್ಪ್ಯಾನಿಷಿಗೆ ಅತಿ ಹತ್ತಿರದ್ದು, ಅವಳು ಅತಿ ಕಡಿಮೆ ಬಳಸುವ ಕನ್ನಡ.

ಒಂದು ಕಡೆ ಮಾತ್ರ ನಾವು ಬೇರೆ ದಾರಿ. 'ಬರ್ತೀಯ' ಎಂಬುದನ್ನು ಎಳೆದು 'ಬರ್ತೀಯಾ' ಎಂದರೆ ಪ್ರಶ್ನೆ ಆಯಿತು. ಮಲಯಾಳದವರು 'ಓ' ಸೇರಿಸುತ್ತಾರೆ. ಸ್ಪ್ಯಾನಿಷಿನಲ್ಲಿ ಹೇಳಿಕೆಗೂ ಪ್ರಶ್ನೆಗೂ ಎಷ್ಟೋ ಸಲ ಅವೇ ಪದಗಳು, ಬದಲಾಗುವುದು ದನಿಯ ಏರಿಳಿತ ಮಾತ್ರ. ಓದುವವನಿಗೆ ಮೊದಲೇ ತಿಳಿಯಲಿ ಎಂದು 1754ರಲ್ಲಿ ಸ್ಪೇನಿನ ರಾಯಲ್ ಅಕಾಡೆಮಿ ವಾಕ್ಯದ ಆರಂಭದಲ್ಲೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕೆಂದು ನಿಯಮ ಮಾಡಿತು. ಆ ಚಿಹ್ನೆಯನ್ನು ಅವಳು ಬಹಳ ಮುದ್ದಾಗಿ ಬರೆಯುತ್ತಾಳೆ.

ಮಾರನೆಯ ದಿನ ಬಿಸಿಲು ಬಂತು. ತೃಪ್ಪೂಣಿತುರದವರೆಗೆ ಬಸ್ಸು, ಅಲ್ಲಿಂದ ಮೆಟ್ರೋ, ಮತ್ತೆ ಮಟ್ಟಾಂಚೇರಿ. ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿದ ಮೇಲೆ ದಿಕ್ಕಾಪಾಲಾಗಿ ಹೋದ ಜನರಲ್ಲಿ ಕೆಲವರು ಕೊಚ್ಚಿಯವರೆಗೂ ಬಂದರು. ಇಲ್ಲಿಯ ರಾಜ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. ಕ್ಯಾಸ್ಟಿಯಲ್ ಎಂಬ ಮನೆತನದ ಹೆಸರಿನಲ್ಲಿ ಅವರು ಬಿಟ್ಟು ಬಂದ ನಾಡು ಉಳಿದುಕೊಂಡಿತು. ನೆಲಕ್ಕೆ ಹಾಸಿದ ಚೀನಾದ ನೀಲಿ ಬಿಳಿ ಹಂಚುಗಳನ್ನು ಎಲ್ಲರೂ ಬಗ್ಗಿ ನೋಡುತ್ತಾರೆ, ನಾನೂ ನೋಡಿದೆ. ಆದರೆ ನನ್ನ ಮನಸ್ಸು ಇದ್ದದ್ದು ಮೊದಲ ತಲೆಮಾರಿನ ಹೆಂಗಸರ ಮೇಲೆ. ಮೀನಿನ ಬೆಲೆ ಕೇಳಲು, ಬಾವಿ ಎಲ್ಲಿದೆ ಎಂದು ಕೇಳಲು, ಜ್ವರಕ್ಕೆ ಕಷಾಯ ಕೇಳಲು ಅವರು ಎಷ್ಟು ಬೇಗ ಮಲಯಾಳಂ ಕಲಿತಿರಬೇಕು! ಕಲಿತರು, ಮಲಯಾಳದಲ್ಲಿ ಹಾಡನ್ನೂ ಕಟ್ಟಿದ ಸಮುದಾಯ ಅದು. ಸ್ಪೇನಿನಿಂದ ತಂದ ಮಾತು ಮಾತ್ರ ಮನೆಗಳಲ್ಲಿ ಉಳಿಯಲಿಲ್ಲ.

ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಗಾಮನ ಸಮಾಧಿಯ ಕಲ್ಲಿದೆ. 1524ರ ಕ್ರಿಸ್‌ಮಸ್ ಹಿಂದಿನ ದಿನ ಅವನು ಕೊಚ್ಚಿಯಲ್ಲಿ ಸತ್ತ, ಅಸ್ಥಿಯನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು. ಅವನ ಕಲ್ಲಿನ ಸುತ್ತ ಕಂಬಿ ಹಾಕಿ ಕಾಪಾಡಿದ್ದಾರೆ. ಅವನ ಪ್ರಶ್ನೆಗಳನ್ನು ಈ ನಾಡಿನ ಭಾಷೆಗಳಿಗೆ ದಾಟಿಸಿದವರಿಗೆ ಎಲ್ಲೂ ಒಂದು ಕಲ್ಲಿಲ್ಲ. ಗ್ಯಾಸ್ಪರ್ ಎಂಬವನೊಬ್ಬನಿದ್ದ. ಅವನು ಸಿಕ್ಕಿದ್ದು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ, 1498ರಲ್ಲೇ, ಗಾಮ ಹಿಂದಿರುಗುವ ದಾರಿಯಲ್ಲಿ. ಗೋವೆಯ ಅಧಿಪತಿಯ ಸೇವೆಯಲ್ಲಿದ್ದ ಯಹೂದಿ, ವೆನಿಸ್ಸಿನ ಭಾಷೆ ಆಡುತ್ತ ಹಡಗಿಗೆ ಬಂದ. ಗೂಢಚಾರನೆಂದು ಹಿಡಿದು ಚಿತ್ರಹಿಂಸೆ ಕೊಟ್ಟರು. ಆಮೇಲೆ ಗಾಮನ ಹೆಸರನ್ನೇ ಇಟ್ಟು ದೀಕ್ಷೆ ಕೊಟ್ಟು ದುಭಾಷಿಯನ್ನಾಗಿ ಮಾಡಿಕೊಂಡರು. 1500ರಲ್ಲಿ ಕಬ್ರಾಲನ ಜೊತೆ ಬ್ರೆಜಿಲ್ ದಡ ಮುಟ್ಟಿ, ಕೊಚ್ಚಿಗೂ ಬಂದವನು ಅವನು. ಹೊಡೆಸಿಕೊಂಡವನೇ ಹೊಡೆದವರ ಬಾಯಾಗಬೇಕಾಯಿತು ಎಂಬುದು ನನಗೆ ಆ ಚರ್ಚಿನೊಳಗೆ ತುಂಬ ಸಂಕಟ ಕೊಟ್ಟಿತು.

ರೋ ರೋ ದೋಣಿಯಲ್ಲಿ ಐದು ನಿಮಿಷ ದಾಟಿದರೆ ವೈಪಿನ್. ಪೋರ್ಚುಗೀಸರ ಮತ್ತು ಇಲ್ಲಿಯವರ ಮನೆಗಳು ಕೂಡಿದಾಗ ಹುಟ್ಟಿದ ಕೊಚ್ಚಿಯ ಪೋರ್ಚುಗೀಸ್ ಕ್ರಿಯೋಲ್ ನಾನೂರಕ್ಕೂ ಹೆಚ್ಚು ವರ್ಷ ಬದುಕಿತ್ತು. ಅದನ್ನು ಸರಾಗವಾಗಿ ಆಡಬಲ್ಲ ಕೊನೆಯವರಾದ ವಿಲಿಯಂ ರೊಸಾರಿಯೊ 2010ರ ಆಗಸ್ಟ್ 20ರಂದು ವೈಪಿನ್‌ನಲ್ಲಿ ತೀರಿಕೊಂಡರು. ಭಾಷಾತಜ್ಞ ಹ್ಯೂಗೊ ಕಾರ್ಡೊಸೊ ಅವರ ಮಾತನ್ನು ದಾಖಲಿಸಿಟ್ಟಿದ್ದಾರೆ. ತಜ್ಞರು ಬಂದು ಕೇಳಿದಾಗ ಉತ್ತರ ಕೊಡಬಹುದು. ಆದರೆ ಬೆಳಗ್ಗೆ ಎದ್ದು 'ಚಹ ಆಯಿತಾ' ಎಂದು ಆ ಭಾಷೆಯಲ್ಲಿ ಕೇಳಲು ಪಕ್ಕದಲ್ಲಿ ಯಾರೂ ಇಲ್ಲದ ಮನುಷ್ಯನ ದಿನಗಳು ಹೇಗಿದ್ದವೋ ಎಂದು ಜೆಟ್ಟಿಯಲ್ಲಿ ನಿಂತು ಹುಡುಗಿಗೆ ಹೇಳಿದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಮ್ಮನಿಗೆ ಫೋನು ಮಾಡಿ ಮೀನು ತರಬೇಕೇ ಎಂದು ವಿಚಾರಿಸಿದಳು, ಮಲಯಾಳದಲ್ಲಿ.

ನನಗೆ ತಿರುವನಂತಪುರದಲ್ಲಿ ಒಂದು ಕೆಲಸವಿತ್ತು, ತೃಪ್ಪೂಣಿತುರದಲ್ಲೇ ಕೋಟ್ಟಯಂ ಮಾರ್ಗದ ರೈಲು ಹತ್ತಿದೆವು. ದೊಡ್ಡಮ್ಮನ ಜೊತೆ ಹೋಗಿ ಬಾ ಎಂದು ತಂಗಿ ಅವಳನ್ನು ಕಳಿಸಿದ್ದಳು. ಅವಳಿಗೆ ಆ ಊರು ಸಿನಿಮೋತ್ಸವದ ಊರು. 2022ರಲ್ಲಿ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವ ಎರಡು ಸಲ ನಡೆಯಿತು, ಮಾರ್ಚಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ. ಎರಡು ಸಲವೂ ಅಲ್ಲಿಯ ಅತ್ಯುತ್ತಮ ಚಿತ್ರದ ಪ್ರಶಸ್ತಿಯಾದ ಸುವರ್ಣ ಚಕೋರ ಹೋದದ್ದು ಸ್ಪ್ಯಾನಿಷ್ ಮಾತಿರುವ ಚಿತ್ರಗಳಿಗೆ: ಕೋಸ್ಟರಿಕಾದ 'ಕ್ಲಾರಾ ಸೋಲಾ', ಬೊಲಿವಿಯಾದ 'ಉತಾಮ'. 'ಉತಾಮ'ದಲ್ಲಿ ಮಳೆಯಿಲ್ಲದ ಎತ್ತರದ ಬಯಲಿನಲ್ಲಿ ಲಾಮಾ ಮೇಯಿಸುವ ಅಜ್ಜ ಅಜ್ಜಿ ತಮ್ಮತಮ್ಮಲ್ಲಿ ಕೆಚುವಾ ಆಡುತ್ತಾರೆ, ಪೇಟೆಯಿಂದ ಬಂದ ಮೊಮ್ಮಗನದು ಸ್ಪ್ಯಾನಿಷ್. ತೆರೆಯ ಕೆಳಗೆ ಎಲ್ಲವೂ ಇಂಗ್ಲಿಷ್ ಆಗಿ ಹರಿಯುತ್ತದೆ. ಆ ಮನೆಯೊಳಗೆ ಯಾವ ಮಾತು ಯಾವ ಭಾಷೆಯದೆಂದು ಕಣ್ಣಿಗಿಂತ ಕಿವಿಯೇ ಹಿಡಿಯಬೇಕು. ಈ ಕಥೆಯನ್ನು ಅವಳಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ನನಗೆ ಪಾಳಯದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 'ಹೊರ್ತುಸ್ ಮಲಬಾರಿಕುಸ್' ನೋಡಬೇಕಿತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೇಡೆ ಮಾಡಿಸಿದ ಈ ಸಸ್ಯಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಗುಣ ಹೇಳಿದವರು ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಇಟ್ಟಿ ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದನ್ನು ಕೊಚ್ಚಿಯ ದುಭಾಷಿ ಇಮ್ಯಾನುಯೆಲ್ ಕಾರ್ನೇರು ಪೋರ್ಚುಗೀಸಿಗೆ ತಂದ, ಅಲ್ಲಿಂದ ಅದು ಲ್ಯಾಟಿನ್ನಿಗೆ ಹೋಯಿತು. 1675ರಲ್ಲಿ ವೈದ್ಯರು ಕೊಟ್ಟ ಪ್ರಮಾಣಪತ್ರಗಳು ಅವರವರ ಲಿಪಿಯಲ್ಲೇ ಮೊದಲ ಸಂಪುಟದಲ್ಲಿವೆ. ಕೊಂಕಣಿಯ ಆ ನಾಗರಿ ಅಕ್ಷರಗಳನ್ನು ನಮ್ಮ ಕರಾವಳಿಯವರು ಒಮ್ಮೆಯಾದರೂ ನೋಡಬೇಕು. ಮುನ್ನೂರು ವರ್ಷ ಲ್ಯಾಟಿನ್ನಿನಲ್ಲಿ ಮುಚ್ಚಿಹೋಗಿದ್ದ ಪುಸ್ತಕವನ್ನು ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ಕುಳಿತು ಇಂಗ್ಲಿಷಿಗೆ ಮಾಡಿದರು. ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಅದನ್ನು ಪ್ರಕಟಿಸಿತು, 2008ರಲ್ಲಿ ಮಲಯಾಳಂ ಆವೃತ್ತಿಯೂ ಬಂತು. ಮಲಯಾಳದ ಬಾಯಿಂದ ಹೊರಟ ಜ್ಞಾನ ಮತ್ತೆ ಮಲಯಾಳಕ್ಕೆ ಬರಲು ಇಷ್ಟು ದೇಶ ಸುತ್ತಬೇಕಾಯಿತು.

ಮೊದಲ ಸಂಪುಟದ ಮೊದಲ ಗಿಡ 'ತೆಂಗಾ', ನಮ್ಮ ತೆಂಗು. ಬೇರು, ಕಾಂಡ, ಗರಿ, ಹೂವು, ಕಾಯಿ, ಔಷಧ ಎಂದು ವಿವರ ಸಾಗುತ್ತದೆ. ಓದುತ್ತ ಹೋದ ಹಾಗೆ ಪ್ರತಿ ವಾಕ್ಯವೂ ಉತ್ತರವಾಗಿ ಕಾಣತೊಡಗಿತು. ಇದು ಎಲ್ಲಿ ಬೆಳೆಯುತ್ತದೆ, ಯಾವಾಗ ಹೂ ಬಿಡುತ್ತದೆ, ಎಳನೀರು ಯಾವ ಕಾಯಿಲೆಗೆ ಕೊಡುತ್ತೀರಿ ಎಂದು ಕಾರ್ನೇರು ದಿನಗಟ್ಟಲೆ ವೈದ್ಯರ ಮುಂದೆ ಕುಳಿತು ಕೇಳಿರಬೇಕು. ಉತ್ತರಗಳು ಚಿತ್ರಸಮೇತ 12 ಸಂಪುಟವಾಗಿ ಉಳಿದವು. ಕೇಳಿದ ಮಾತು ಒಂದೂ ಅಚ್ಚಿಗೆ ಹೋಗಲಿಲ್ಲ. ಇದನ್ನು ಹೇಳಿದಾಗ ಹುಡುಗಿ ತನ್ನ ನೋಟ್‌ಬುಕ್ ತೆರೆದು, ಆ ಪ್ರಶ್ನೆಗಳನ್ನು ತಾನು ಬರೆಯುತ್ತೇನೆ ಎಂದಳು. ಎಡಗಡೆ ಸ್ಪ್ಯಾನಿಷ್ ಶುರುಮಾಡಿದಳು. ಬಲಗಡೆ ಕನ್ನಡ ಬರೆಯಲು ಅವಳಿಗೆ ಅಕ್ಷರ ಬರುವುದಿಲ್ಲ, ಮಲಯಾಳಂ ಲಿಪಿಯಲ್ಲೇ ಕನ್ನಡ ಬರೆದುಕೊಂಡಳು. ಪ್ರತಿ ಸಾಲನ್ನೂ ಬರೆಯುವ ಮೊದಲು ದನಿ ತಗ್ಗಿಸಿ ನನ್ನನ್ನೇ ಕೇಳಿ ನೋಡುತ್ತಿದ್ದಳು: 'ಈ ಮರ ಎಷ್ಟು ವರ್ಷಕ್ಕೆ ಫಲ ಕೊಡ್ತದೆ, ದೊಡ್ಡಮ್ಮ? ಗರಿಯನ್ನು ಎಂತಕ್ಕೆ ಬಳಸ್ತಾರೆ? ನೀವು ಚಿಕ್ಕವರಿದ್ದಾಗ ಮನೆಯಲ್ಲಿ ಎಷ್ಟು ತೆಂಗಿನಮರ ಇತ್ತು?' ಮೂರನೆಯದು ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಅಂಗಳದಲ್ಲಿ, ಬಾವಿಯ ಹತ್ತಿರ, ದನದ ಕೊಟ್ಟಿಗೆಯ ಹಿಂದೆ ಇದ್ದ ಮರಗಳನ್ನು ಬೆರಳು ಮಡಚಿ ಎಣಿಸುತ್ತ ನಾನು ಉತ್ತರ ಹೇಳತೊಡಗಿದೆ.